‘ಪೋಟ್ಲಿ ಅಂದರೇನು, ಅಪ್ಪಾ?’

ಕಳೆದ ಸಂಚಿಕೆಯಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರು ಬರೆದ ಲೇಖನವನ್ನು ತಾವೆಲ್ಲರೂ ಓದಿರುತ್ತೀರಿ. ಬೆಂಗಳೂರಿನಲ್ಲಿ ಬೀದಿಗೊಂದು ಬಾರು, ಹುಬ್ಬಳ್ಳಿಯಲ್ಲಿ ಬಸ್ಸು ಇಳಿದರೆ ಎದುರಿಗೇ ಮದ್ಯದಂಗಡಿ; ನಾವಾದರೋ ಗಾಂಧೀಜಿಯವರ ನಾಡಿನಲ್ಲಿದ್ದೇವೆ, ಇಲ್ಲಿ ಪಾನನಿರೋಧವಿದೆ, ಆದ್ದರಿಂದ ನಮ್ಮ ಮಕ್ಕಳು ಸುರಕ್ಷಿತರು, ನಾವೇ ಪುಣ್ಯವಂತರು. ಇದು ಅವರ ವಾದದ ತಿರುಳು. ಅವರ ಬಗ್ಗೆ ನನಗೆ ಅಪಾರ ಗೌರವವಿದೆ. ನಾನು ಈ ಊರಿಗೆ ವರ್ಗವಾಗಿ ಬಂದಾಗ ಬಾಡಿಗೆ ಮನೆ ಹುಡುಕಿಕೊಟ್ಟವರೇ ಅವರು. ಆದರೂ ಹೇಳಲೇಬೇಕಾಗಿದೆ: ಸ್ವಾಮಿ, ತಾವು ಬರೆದದ್ದು ತಪ್ಪು. ಬರೀ ತಪ್ಪಲ್ಲ, ಅಪಾಯಕಾರಿ.

ಲೇಖನಕ್ಕೆ ಸುಮ್ಮನಿರುತ್ತಿದ್ದೆನೋ ಏನೋ. ಸುಮ್ಮನಿರಲು ಬಿಡದಿದ್ದುದು ಕಾರ್ಯಕಾರಿ ಸಮಿತಿಯ ಸಭೆ. ರಾಜ್ಯೋತ್ಸವಕ್ಕೆ ಮುಂಚೆ ಒಂದು ಭಾನುವಾರ ಬೆಳಿಗ್ಗೆ ಡಾಕ್ಟರೊಬ್ಬರನ್ನು ಕರೆಸಿ, ಮದ್ಯ ಮತ್ತು ಮಾದಕ ವಸ್ತುಗಳ ಬಗ್ಗೆ ನಮ್ಮ ಮಕ್ಕಳಿಗೂ ತಂದೆತಾಯಿಯರಿಗೂ ಒಂದು ಗಂಟೆ ಮಾತನಾಡಿಸೋಣ ಎಂದು ನಾನು ಸಲಹೆ ಮಾಡಿದೆ. ‘ನಮ್ಮಲ್ಲಿ ಅಂಥವರು ಯಾರಿದ್ದಾರೆ?’ ಎಂದರು ಒಬ್ಬರು. ‘ಹೆಂಗಸರು ಮಕ್ಕಳು ಬರುವ ಜಾಗ’ ಎಂದರು ಮತ್ತೊಬ್ಬರು. ‘ಇಲ್ಲಿ ನಿಷೇಧವೇ ಇದೆಯಲ್ಲ, ಇಲ್ಲದ್ದನ್ನು ಏಕೆ ನೆನಪಿಸುವುದು?’ ಎಂದರು ಮೂರನೆಯವರು. ಐದು ನಿಮಿಷದಲ್ಲಿ ಸಲಹೆ ಬಿದ್ದುಹೋಯಿತು. ಆಮೇಲೆ ಊಟಕ್ಕೆ ಬಿಸಿಬೇಳೆಬಾತೋ ಚಿತ್ರಾನ್ನವೋ ಎಂಬುದರ ಮೇಲೆ ನಲವತ್ತು ನಿಮಿಷ ಚರ್ಚೆ ನಡೆಯಿತು. ಆ ನಲವತ್ತು ನಿಮಿಷಗಳಲ್ಲಿ ನನ್ನ ಮನಸ್ಸಿನಲ್ಲಿ ಎದ್ದದ್ದೇ ಈ ಲೇಖನ.

ಮೊದಲೇ ಒಂದು ಮಾತು. ನಾನು ಕುಡಿಯುವವನಲ್ಲ. ಕುಡಿತವನ್ನು ಎತ್ತಿಹಿಡಿಯುವವನೂ ಅಲ್ಲ. ನಾನು ಕೇಂದ್ರ ಸರ್ಕಾರದ ಒಬ್ಬ ಗುಮಾಸ್ತ. 1964ರ ನಡವಳಿಕೆ ನಿಯಮಗಳ 22ನೆಯ ನಿಯಮ ನನಗೆ ಬಾಯಿಪಾಠ: ನೌಕರನು ತಾನಿರುವ ಪ್ರದೇಶದ ಮದ್ಯದ ಕಾಯ್ದೆಯನ್ನು ಚಾಚೂ ತಪ್ಪದೆ ಪಾಲಿಸತಕ್ಕದ್ದು. ಪಾಲಿಸುತ್ತಿದ್ದೇನೆ. ಅದೇ ನಿಯಮಾವಳಿಯ 9ನೆಯದು ಸರ್ಕಾರದ ನೀತಿಯನ್ನು ಟೀಕಿಸಬಾರದೆನ್ನುತ್ತದೆ. ಅದನ್ನೂ ಪಾಲಿಸಬೇಕು. ಆದ್ದರಿಂದ ನಾನಿಲ್ಲಿ ಸರ್ಕಾರವನ್ನು ಟೀಕಿಸುತ್ತಿಲ್ಲ, ನಮ್ಮನ್ನು ಟೀಕಿಸುತ್ತಿದ್ದೇನೆ. ಕಾಯ್ದೆಯೊಂದಿದೆ ಎಂಬ ಧೈರ್ಯದಲ್ಲಿ ಮಕ್ಕಳಿಗೆ ಹೇಳಬೇಕಾದ ಮಾತನ್ನು ಹೇಳದೆ ಬಾಯಿಗೆ ಬೀಗ ಹಾಕಿಕೊಂಡ ಅಪ್ಪ ಅಮ್ಮಂದಿರನ್ನು ಟೀಕಿಸಬಾರದೆಂದು ಯಾವ ನಿಯಮವೂ ಹೇಳಿಲ್ಲ. ಅಂಥ ಅಪ್ಪಂದಿರಲ್ಲಿ ಮೊದಲನೆಯವನು ನಾನೇ.

2022ರ ಜುಲೈ ಕೊನೆಯ ವಾರ. ಬೋಟಾದ್ ಜಿಲ್ಲೆಯ ರೋಜಿದ್ ಮತ್ತು ಸುತ್ತಲಿನ ಹಳ್ಳಿಗಳಲ್ಲಿ, ನಮ್ಮದೇ ಅಹಮದಾಬಾದ್ ಜಿಲ್ಲೆಯ ಧಂಧೂಕಾ ತಾಲೂಕಿನಲ್ಲಿ, ವಿಷಮದ್ಯ ಕುಡಿದು ಜನ ಸಾಲು ಸಾಲಾಗಿ ಸತ್ತರು. ಸತ್ತವರ ಸಂಖ್ಯೆ 40 ದಾಟಿತು. ಗುಜರಾತಿ ಪತ್ರಿಕೆಗಳ ಮುಖಪುಟದಲ್ಲಿ ‘ಲಠ್ಠಾಕಾಂಡ’ ಎಂಬ ದಪ್ಪ ಅಕ್ಷರ. ಆಗ ಒಂಬತ್ತನೆಯ ತರಗತಿಯಲ್ಲಿದ್ದ ನನ್ನ ಮಗ ರಾತ್ರಿ ಊಟಕ್ಕೆ ಕೂತಾಗ ಕೇಳಿದ: ‘ಅಪ್ಪಾ, ಪೋಟ್ಲಿ ಅಂದರೇನು? ಕ್ಲಾಸಿನಲ್ಲಿ ಎಲ್ಲರೂ ಮಾತಾಡ್ತಿದ್ರು. ಅದನ್ನ ಕುಡಿದರೆ ಯಾಕೆ ಸಾಯ್ತಾರೆ?’

ನನ್ನ ಹೆಂಡತಿ ‘ಹುಡುಗ್ರ ಮುಂದ ಇವೆಲ್ಲಾ ಯಾಕ ಬೇಕು?’ ಎಂದು ನನ್ನ ಮುಖ ನೋಡಿದಳು. ನಾನು ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಪಾಸಾದವನು. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದು ಮಾತ್ರ, ‘ಸುಮ್ಮನೆ ಊಟ ಮಾಡು’.

ಮಗ ಸುಮ್ಮನೆ ಊಟ ಮಾಡಿದ. ಆಮೇಲೆ ಆ ವಿಷಯವನ್ನು ನನ್ನ ಬಳಿ ಎತ್ತಲೇ ಇಲ್ಲ. ಉತ್ತರ ಎಲ್ಲಿಂದಲೋ ಪಡೆದಿರಬೇಕು. ಎಲ್ಲಿಂದ ಎಂಬುದು ನನಗೆ ಗೊತ್ತಿರಲಿಲ್ಲ. ನನ್ನನ್ನು ಕಾಡುವುದು ಅದೇ.

* * *

ಈ ನಿಷೇಧವೇನು ನಮಗೆ ಹೊಸದಲ್ಲ. ಇದು 1949ರ ಮುಂಬಯಿ ಪಾನನಿರೋಧ ಕಾಯ್ದೆ. ಮೊರಾರ್ಜಿ ದೇಸಾಯಿಯವರು ಮುಂಬಯಿ ಪ್ರಾಂತದ ಗೃಹಮಂತ್ರಿಗಳಾಗಿದ್ದ ಕಾಲದ್ದು. 1960ರ ಮೇ 1ರಂದು ಗುಜರಾತ್ ಬೇರೆಯಾದಾಗ ಅದು ಆಸ್ತಿಯ ಪಾಲಿನಂತೆ ಇತ್ತ ಬಂತು. ನಮ್ಮಲ್ಲಿ ಬಹಳ ಜನಕ್ಕೆ ಮರೆತುಹೋದ ಸಂಗತಿಯೊಂದಿದೆ: 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಜಿಲ್ಲೆಗಳೂ ಮುಂಬಯಿ ರಾಜ್ಯದಲ್ಲೇ ಇದ್ದವು. ಅಂದರೆ ಗದಗಿನ ಕಡೆಯ ನನ್ನ ಅಜ್ಜ ಬದುಕಿದ್ದೂ ಇದೇ ಕಾಯ್ದೆಯ ಕೆಳಗೆ. ಅಜ್ಜ ಹೇಳುತ್ತಿದ್ದರು: ಹೊತ್ತು ಮುಳುಗಿದ ಮೇಲೆ ಹಳ್ಳದ ಆಚೆ ಹೊಗೆ ಏಳುತ್ತಿತ್ತು. ಅದು ಅಡಿಗೆಯ ಹೊಗೆಯಲ್ಲ, ಕಳ್ಳಭಟ್ಟಿಯ ಹೊಗೆ ಎಂದು ಊರಿಗೆಲ್ಲ ಗೊತ್ತು, ಫೌಜದಾರನಿಗೆ ಮಾತ್ರ ಗೊತ್ತಿಲ್ಲ.

ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ಇಂದಿಗೂ ಪರಿಸ್ಥಿತಿ ಬಹಳ ಬದಲಾಗಿದೆಯೆ? ಪ್ರಾಮಾಣಿಕವಾಗಿ ಹೇಳೋಣ. ಹಣವಿದ್ದವನಿಗೆ ದಾರಿಗಳುಂಟು. ಸೂರತ್ತಿನವರಿಗೆ ದಮಣ್ ಹತ್ತಿರ, ಅಹಮದಾಬಾದಿನವರಿಗೆ ಅಬು ಹತ್ತಿರ. ಶನಿವಾರ ಹೋಗಿ ಭಾನುವಾರ ರಾತ್ರಿ ಬಾಯಲ್ಲಿ ಏಲಕ್ಕಿ ಹಾಕಿಕೊಂಡು ಬರುವವರನ್ನು ನಾವು ನೋಡಿಲ್ಲವೆ? 40 ವರ್ಷ ತುಂಬಿದವನು ಆರೋಗ್ಯದ ಕಾರಣ ಕೊಟ್ಟು, ವೈದ್ಯರ ಮಂಡಳಿಯ ಮುಂದೆ ನಿಂತು, ‘ಹೆಲ್ತ್ ಪರ್ಮಿಟ್’ ಪಡೆಯಬಹುದು. ವಯಸ್ಸು ಏರಿದಂತೆ ತಿಂಗಳ ಯೂನಿಟ್ಟೂ ಏರುತ್ತದೆ! ಯಾವ ವೈದ್ಯಶಾಸ್ತ್ರದಲ್ಲಿ ಈ ಔಷಧೋಪಚಾರ ಬರೆದಿದೆಯೋ, ಬಿ.ಎಸ್ಸಿ.ಯಲ್ಲಿ ನಮಗದನ್ನು ಕಲಿಸಲಿಲ್ಲ. 2023ರ ಡಿಸೆಂಬರಿನಲ್ಲಿ ಗಾಂಧಿನಗರದ ಗಿಫ್ಟ್ ಸಿಟಿಯಲ್ಲಿ ಕೆಲಸ ಮಾಡುವವರಿಗೂ ಅವರ ಅತಿಥಿಗಳಿಗೂ ಊಟದ ಜೊತೆ ಮದ್ಯಕ್ಕೆ ಸಡಿಲಿಕೆ ಸಿಕ್ಕಿತು. ಗಾಜಿನ ಗೋಪುರದೊಳಗೆ ಶಿಷ್ಟಾಚಾರವಾದದ್ದು ಗೋಪುರ ಕಟ್ಟಿದ ಕೂಲಿಯವನ ಗುಡಿಸಲಿನಲ್ಲಿ ಅಪರಾಧ.

ಆ ಕೂಲಿಯವನಿಗೆ ಉಳಿದದ್ದೇನು? ಪೋಟ್ಲಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಾರುವ ಕಳ್ಳಭಟ್ಟಿ. ಅದರಲ್ಲಿ ಏನಿದೆ ಎಂದು ಮಾರುವವನಿಗೂ ಗೊತ್ತಿಲ್ಲ, ಕುಡಿಯುವವನಿಗೂ ಗೊತ್ತಿಲ್ಲ.

1989ರಲ್ಲಿ ವಡೋದರಾದಲ್ಲಿ 130ಕ್ಕೂ ಹೆಚ್ಚು ಜನ ಸತ್ತರು. 2009ರ ಜುಲೈನಲ್ಲಿ ಅಹಮದಾಬಾದಿನ ಪೂರ್ವಭಾಗದ ಕಾರ್ಮಿಕ ಬಡಾವಣೆಗಳಲ್ಲಿ ಮತ್ತೆ 130ಕ್ಕೂ ಹೆಚ್ಚು. 2016ರಲ್ಲಿ ಸೂರತ್ತಿನ ಸರದಿ. 2022ರಲ್ಲಿ ಬೋಟಾದ್. 2009ರ ದುರಂತದ ನಂತರ ಕಾಯ್ದೆಗೆ ತಿದ್ದುಪಡಿಯಾಗಿ, ವಿಷಮದ್ಯದಿಂದ ಸಾವಾದರೆ ತಯಾರಿಸಿದವನಿಗೆ ಗಲ್ಲುಶಿಕ್ಷೆಯವರೆಗೂ ವಿಧಿಸಬಹುದೆಂದಾಯಿತು. 2017ರಲ್ಲಿ ತಯಾರಿಕೆ ಮತ್ತು ಮಾರಾಟಕ್ಕೆ 10 ವರ್ಷದವರೆಗಿನ ಸಜೆ ಎಂದಾಯಿತು. ಇಷ್ಟಾದ ಮೇಲೂ 2022 ಬಂತು. ನೇಣುಗಂಬವನ್ನೇ ತಂದು ನಿಲ್ಲಿಸಿದರೂ ನಿಲ್ಲದ್ದು, ಕಾಯ್ದೆಯ ಪುಸ್ತಕವೊಂದು ಕಪಾಟಿನಲ್ಲಿದೆ ಎಂದ ಮಾತ್ರಕ್ಕೆ ನಿಲ್ಲುತ್ತದೆಯೆ? ಆ ಪುಸ್ತಕ ನಮ್ಮ ಮಕ್ಕಳನ್ನು ಕಾಯುತ್ತದೆ ಎಂದು ನಾವು ನಿಶ್ಚಿಂತರಾಗಿ ಮಲಗಬಹುದೆ?

* * *

ಅಂದು ಮಗನಿಗೆ ಹೇಳದೆ ಉಳಿಸಿದ್ದನ್ನು ಈಗ ಇಲ್ಲಿ ಹೇಳುತ್ತೇನೆ. ಕುಡಿಯುವವರಿಗಾಗಿ ಅಲ್ಲ, ಎಲ್ಲರೂ ತಿಳಿದಿರಲೆಂದು.

ಮದ್ಯದಲ್ಲಿರುವುದು ಎಥೆನಾಲ್. ಅದೂ ಅಮೃತವೇನಲ್ಲ, ಯಕೃತ್ತನ್ನು ವರ್ಷಗಟ್ಟಲೆ ಮೆಲ್ಲಗೆ ತಿನ್ನುತ್ತದೆ. ಆದರೆ ಕಾರ್ಖಾನೆಗಳಲ್ಲಿ ಬಳಸುವ ಮೆಥೆನಾಲ್ ಎಂಬ ಇನ್ನೊಂದಿದೆ. ನೋಡಲು ನೀರಿನಂತೆ, ವಾಸನೆಯೂ ಹೆಚ್ಚುಕಡಿಮೆ ಹಾಗೆಯೇ, ಬೆಲೆ ಅಗ್ಗ. ಬೋಟಾದಿನಲ್ಲಿ ಜನ ಕುಡಿದದ್ದು ಬಹುತೇಕ ಇದನ್ನೇ, ನೀರು ಬೆರೆಸಿ. ಹೊಟ್ಟೆಗೆ ಹೋದ ಮೆಥೆನಾಲನ್ನು ನಮ್ಮ ಯಕೃತ್ತು ಮೊದಲು ಫಾರ್ಮಾಲ್ಡಿಹೈಡ್ ಆಗಿ, ಆಮೇಲೆ ಫಾರ್ಮಿಕ್ ಆಮ್ಲವಾಗಿ ಮಾಡುತ್ತದೆ. ಕೆಂಪಿರುವೆ ಕಚ್ಚಿದಾಗ ಉರಿಸುತ್ತದಲ್ಲ, ಅದೇ ಆಮ್ಲ. ಅದು ರಕ್ತವನ್ನು ಕೆಡಿಸುತ್ತದೆ, ಕಣ್ಣಿನ ನರವನ್ನು ಸುಡುತ್ತದೆ. ಹತ್ತು ಮಿಲಿಲೀಟರಿನಷ್ಟು ಶುದ್ಧ ಮೆಥೆನಾಲಿನಿಂದ ಕಣ್ಣು ಹೋದದ್ದುಂಟು, ಮೂವತ್ತರಷ್ಟಕ್ಕೆ ಪ್ರಾಣ ಹೋದದ್ದುಂಟು.

ಎಲ್ಲಕ್ಕಿಂತ ಮುಖ್ಯವಾದ ಮಾತು ಮುಂದಿದೆ. ವಿಷದ ಲಕ್ಷಣ ಕೂಡಲೇ ಕಾಣುವುದಿಲ್ಲ. ಹನ್ನೆರಡು ಗಂಟೆ, ಕೆಲವೊಮ್ಮೆ ಒಂದು ದಿನವೇ ಕಳೆದ ಮೇಲೆ ವಾಂತಿ, ಹೊಟ್ಟೆನೋವು, ಏದುಸಿರು, ಕಣ್ಣ ಮುಂದೆ ಮಂಜು ಕವಿದಂತಾಗುವುದು. ಆ ಗಂಟೆಗಳೊಳಗೆ ಆಸ್ಪತ್ರೆ ಸೇರಿದರೆ ಔಷಧವಿದೆ, ಡಯಾಲಿಸಿಸ್ ಇದೆ, ಬಹಳ ಜನ ಬದುಕುತ್ತಾರೆ. ‘ಮಲಗಿ ಎದ್ದರೆ ಇಳಿಯುತ್ತದೆ’ ಎಂದು ಮಲಗಿದವನು ಏಳುವುದಿಲ್ಲ. ಇಷ್ಟು ಗೊತ್ತಿದ್ದರೆ ಒಂದು ಜೀವ ಉಳಿದೀತು. ಆದರೆ ಕುಡಿದದ್ದೇ ಅಪರಾಧವಾದ ಕಡೆ ಯಾವನು ಧೈರ್ಯವಾಗಿ ಆಸ್ಪತ್ರೆಯ ಮೆಟ್ಟಿಲು ಹತ್ತಿ ‘ನಾನು ಕುಡಿದಿದ್ದೇನೆ’ ಎಂದು ಹೇಳುತ್ತಾನೆ? ಪೊಲೀಸರ ಭಯ, ನೆರೆಯವರ ಭಯ, ಅಪ್ಪನ ಭಯ. ಈ ಮೂರು ಭಯಗಳ ನಡುವೆ ಬದುಕುವ ಹೊತ್ತು ಕಳೆದುಹೋಗುತ್ತದೆ.

ಸಮಿತಿಯಲ್ಲಿ ‘ಇಲ್ಲದ್ದನ್ನು ಏಕೆ ನೆನಪಿಸುವುದು’ ಎಂದವರು ಇದಕ್ಕೆ ಉತ್ತರ ಕೊಡಲಿ.

* * *

‘ಹಾಗಾದರೆ ಇಲ್ಲಿಯೂ ಬೀದಿಗೊಂದು ಬಾರು ತೆರೆಯಲಿ ಎನ್ನುತ್ತೀರಾ?’ ಎಂದು ಕೇಳುವವರಿದ್ದಾರೆ. ಇಲ್ಲ, ನಾನು ಹಾಗೆನ್ನುವುದಿಲ್ಲ. ನಮ್ಮ ತವರಿನ ಕಥೆಯನ್ನು ನಾನು ಮರೆತಿಲ್ಲ.

1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ನಿಷೇಧವಿರಲಿಲ್ಲ, ಪರವಾನಗಿಯ ಅಂಗಡಿಗಳಿದ್ದವು. ಬಡವನ ಜೇಬಿಗೆ ಎಟುಕದ ಬೆಲೆ ಇದ್ದಲ್ಲೆಲ್ಲ ವಿಷ ಅಗ್ಗವಾಗಿ ಬರುತ್ತದೆ. ಅದಕ್ಕೆ ಒಣ ರಾಜ್ಯ, ಹಸಿ ರಾಜ್ಯ ಎಂಬ ಭೇದವಿಲ್ಲ. 2024ರ ಜೂನಿನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲೂ ಅದೇ ಆಯಿತು. ಇನ್ನು 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಹೆಣ್ಣುಮಕ್ಕಳು ಹರಕೆ ಹೊತ್ತು ಕಾದಿದ್ದ ದಿನ ಅದು. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರಿನ ಆಸುಪಾಸು, ಕೋಲಾರ, ಗಡಿಯಾಚೆಯ ಕೃಷ್ಣಗಿರಿ ಸೇರಿ 150ಕ್ಕೂ ಹೆಚ್ಚು ಜನ ಕಳ್ಳಭಟ್ಟಿಗೆ ಬಲಿಯಾದರು.

ನನ್ನ ಮನೆಯ ಮಾತನ್ನೇ ಹೇಳುತ್ತೇನೆ. ನನ್ನ ಸೋದರಮಾವನ ಮಗ ಪಾಕೀಟು ಸಾರಾಯಿ ಕುಡಿಯುತ್ತಿದ್ದ. ಸಾರಾಯಿ ನಿಂತ ದಿನ ಅತ್ತಿಗೆ ಊರ ದೇವಿಗೆ ಉಡಿ ತುಂಬಿ ಬಂದಳು. ಎರಡು ತಿಂಗಳು ಮನೆಯಲ್ಲಿ ಶಾಂತಿ. ಮೂರನೆಯ ತಿಂಗಳಿಗೆ ಅವನು ಅಗ್ಗದ ವಿಸ್ಕಿಗೆ ಹೊರಳಿದ. ಸಾರಾಯಿಗೆ ಹೋಗುತ್ತಿದ್ದುದಕ್ಕಿಂತ ಹೆಚ್ಚು ರೊಕ್ಕ ಅದಕ್ಕೆ ಹೋಯಿತು. ಮೊದಲು ಎಮ್ಮೆ ಮಾರಿದರು, ಆಮೇಲೆ ಎರಡು ಎಕರೆ ಹೊಲ ಅಡವಿಟ್ಟರು. 2011ರಲ್ಲಿ ಅವನು ಕಾಮಾಲೆಯಾಗಿ ಸತ್ತ. ಅವನಿಗೆ ನಲವತ್ತೂ ಆಗಿರಲಿಲ್ಲ. ಅಷ್ಟು ವರ್ಷಗಳಲ್ಲಿ ಯಾರೂ, ಬಿ.ಎಸ್ಸಿ. ಓದಿದ ನಾನೂ ಸೇರಿ, ಅವನನ್ನು ಕೂರಿಸಿಕೊಂಡು ‘ಅಣ್ಣಾ, ಇದು ಕೆಟ್ಟ ಚಾಳಿಯಷ್ಟೇ ಅಲ್ಲ, ರೋಗ, ಇದಕ್ಕೆ ಚಿಕಿತ್ಸೆ ಇದೆ’ ಎಂದು ಹೇಳಲಿಲ್ಲ. ಬೈದೆವು, ಆಣೆ ಹಾಕಿಸಿದೆವು, ಮುಖ ತಿರುಗಿಸಿದೆವು.

ಆದ್ದರಿಂದ 2019ರ ಜನವರಿಯಲ್ಲಿ ಮದ್ಯ ನಿಷೇಧ ಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದ ಸಾವಿರಾರು ಹೆಣ್ಣುಮಕ್ಕಳನ್ನು ನಾನು ಹಗುರವಾಗಿ ಕಾಣಲಾರೆ. ಅವರ ಪಾದದ ಬೊಬ್ಬೆಗಳ ಮುಂದೆ ನನ್ನ ತರ್ಕ ಬಹಳ ಸಣ್ಣದು. ಅವರು ಕೇಳಿದ್ದು ನೆಮ್ಮದಿ. ಅಬಕಾರಿ ಆದಾಯವನ್ನು ನೆಚ್ಚಿಕೊಂಡು ಹಳ್ಳಿಗಳಿಗೂ ಮದ್ಯ ಹರಿಯಬಿಟ್ಟ ನಾಡು ಅವರಿಗೆ ಬೇರೆ ಯಾವ ದಾರಿ ಉಳಿಸಿತ್ತು? ಆದರೆ ಅವರು ಬಯಸಿದ ನಾಡಿನಲ್ಲಿ ನಾನು ಎಷ್ಟೋ ವರ್ಷಗಳಿಂದ ಬದುಕುತ್ತಿದ್ದೇನೆ. ಆ ತಾಯಂದಿರಿಗೆ ನಾನು ಕೈಮುಗಿದು ಹೇಳಬೇಕಾದ್ದು ಇಷ್ಟೆ: ಅಮ್ಮಾ, ಇಲ್ಲಿ ಅಂಗಡಿಯ ಬೋರ್ಡು ಮಾತ್ರ ಇಲ್ಲ.

* * *

ಈಗ ಸ್ವಾತಂತ್ರ್ಯದ ಪ್ರಶ್ನೆ. ನಮ್ಮ ಹಿರಿಯರು ತಮ್ಮ ಲೇಖನದಲ್ಲಿ ‘ಕುಡಿಯುವ ಸ್ವಾತಂತ್ರ್ಯವಂತೆ!’ ಎಂದು ಗೇಲಿ ಮಾಡಿದ್ದಾರೆ. ಗೇಲಿ ಮಾಡುವಷ್ಟು ಹಗುರವಾದ ವಿಷಯವಲ್ಲ ಇದು. ಸಂವಿಧಾನದ 47ನೆಯ ಅನುಚ್ಛೇದ ಪಾನನಿರೋಧದತ್ತ ಪ್ರಯತ್ನಿಸಬೇಕೆಂದು ರಾಜ್ಯಕ್ಕೆ ಹೇಳಿದೆ, ನಿಜ. 1951ರಲ್ಲಿ ಬಲ್ಸಾರಾ ಎಂಬವರು ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು ಈ ಮುಂಬಯಿ ಕಾಯ್ದೆಯನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು, ಅದೂ ನಿಜ. ಆದರೆ 2017ರಲ್ಲಿ ಅದೇ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಕೂಡಿ, ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕು ಎಂದರು. ಆ ದಾವೆ ಹೂಡಿದವರು ಯಾರು ಗೊತ್ತೆ? ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅದರ ಬಲದ ಮೇಲೆ ಕೆಲವರು ಇಲ್ಲಿಯ ಪಾನನಿರೋಧವನ್ನು ಪ್ರಶ್ನಿಸಿದರು. ಆ ಅರ್ಜಿಗಳನ್ನು ವಿಚಾರಣೆಗೆ ತೆಗೆದುಕೊಳ್ಳಬಹುದು ಎಂದು ಗುಜರಾತ್ ಹೈಕೋರ್ಟು 2021ರ ಆಗಸ್ಟಿನಲ್ಲಿ ಹೇಳಿತು. ಕನ್ನಡಿಗರೊಬ್ಬರು ಹಚ್ಚಿದ ದೀಪದ ಬೆಳಕು ನಾವು ಬಾಡಿಗೆಗಿರುವ ನಾಡಿನವರೆಗೂ ಬಂದಿದೆ. ನಾವು ಮಾತ್ರ ಕಣ್ಣು ಮುಚ್ಚಿ ಕೂತಿದ್ದೇವೆ.

ಕಾಯ್ದೆ ಉಳಿಯಬೇಕೋ ಅಳಿಯಬೇಕೋ, ಅದನ್ನು ನ್ಯಾಯಾಲಯ ಮತ್ತು ಶಾಸನಸಭೆ ನೋಡಿಕೊಳ್ಳಲಿ. ಪ್ರಜೆಯಾಗಿ ನನ್ನ ನಂಬಿಕೆ ಇಷ್ಟು. ಕುಡಿದು ಗಾಡಿ ಓಡಿಸುವವನನ್ನು ಹಿಡಿಯಿರಿ. ಹೆಂಡತಿಗೆ ಕೈಯೆತ್ತಿದವನನ್ನು ಒಳಗೆ ಹಾಕಿ. ಮಕ್ಕಳಿಗೆ ಮಾರಿದವನಿಗೆ ದಯೆ ಬೇಡ. ಅಲ್ಲಿ ಇನ್ನೊಬ್ಬರ ಮೈಗೆ, ಜೀವಕ್ಕೆ ಕೇಡಿದೆ. ಆದರೆ ಪ್ರಾಯ ತುಂಬಿದ ಒಬ್ಬ ಮನುಷ್ಯ ತನ್ನ ಕೋಣೆಯಲ್ಲಿ ತನಗೇ ಕೇಡು ಮಾಡಿಕೊಳ್ಳುತ್ತಿದ್ದರೆ ಅವನಿಗೆ ಬೇಕಾದದ್ದು ತಿಳುವಳಿಕೆ, ವೈದ್ಯ, ನೆಂಟರಿಷ್ಟರ ಕೈ, ಬೇಡಿಯಲ್ಲ. ತಿಳಿಯದವನ ಸ್ವಾತಂತ್ರ್ಯ ಕುರುಡನ ಕೈಗೆ ಕೊಟ್ಟ ಕತ್ತಿ, ಒಪ್ಪುತ್ತೇನೆ. ಹಾಗೆಂದು ಕಣ್ಣಿಗೆ ಚಿಕಿತ್ಸೆ ಮಾಡುವುದು ಬಿಟ್ಟು ಕೈಯನ್ನೇ ಕಟ್ಟಿಹಾಕುವುದು ಯಾವ ವೈದ್ಯ?

* * *

ಮದ್ಯದ ಮಾತು ಒಂದಾದರೆ, ಅದಕ್ಕಿಂತ ಭಯಂಕರವಾದದ್ದು ನಮ್ಮ ಮನೆಯ ಹೊಸ್ತಿಲಿಗೇ ಬಂದಿದೆ. 2021ರ ಸೆಪ್ಟೆಂಬರಿನಲ್ಲಿ ಕಚ್ಛದ ಮುಂದ್ರಾ ಬಂದರಿನಲ್ಲಿ 3,000 ಕಿಲೋಗೆ ಸಮೀಪದಷ್ಟು ಹೆರಾಯಿನ್ ಸಿಕ್ಕಿತು. 2022ರ ಆಗಸ್ಟಿನಲ್ಲಿ ವಡೋದರಾ ಹತ್ತಿರದ ಸಾವ್ಲಿ ತಾಲೂಕಿನ ಕಾರ್ಖಾನೆಯೊಂದರಲ್ಲಿ 200 ಕಿಲೋಗೂ ಹೆಚ್ಚು ಮೆಫೆಡ್ರೋನ್ ಹಿಡಿದರು. ಹುಡುಗರು ಅದನ್ನು ‘ಎಂ.ಡಿ.’ ಎನ್ನುತ್ತಾರೆ. ಬಾಯಲ್ಲಿ ವಾಸನೆ ಬರುವುದಿಲ್ಲ. ಡಿಸೆಂಬರ್ 31ರ ರಾತ್ರಿ ಊದಿಸುವ ಯಂತ್ರಕ್ಕೆ ಸಿಕ್ಕುವುದಿಲ್ಲ. ಬಾಟಲಿಯನ್ನು ಬಚ್ಚಿಡುವುದು ಕಷ್ಟ, ಪುಡಿಯನ್ನು ಬಚ್ಚಿಡುವುದು ಸುಲಭ. ಇದನ್ನು ಯೋಚಿಸಿದ್ದೇವೆಯೆ?

ವಡೋದರಾದಲ್ಲಿದ್ದ ನನ್ನ ಸಹೋದ್ಯೋಗಿಯೊಬ್ಬರ ಮಗ. ಕನ್ನಡದವರೇ, ಊರು ಹೇಳುವುದಿಲ್ಲ. ಕಾಲೇಜಿನಲ್ಲಿ ಕೆಮ್ಮಿನ ಔಷಧದಿಂದ ಶುರುವಾಗಿ ಗುಳಿಗೆಗೆ ಹೋಯಿತು. ತಂದೆತಾಯಿಗೆ ಗೊತ್ತಾಗಿ ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ಉಗಾದಿ ಕೂಟಕ್ಕೆ ಬಂದವರು ‘ಮಗ ಎಲ್ಲಿ?’ ಎಂದರೆ ‘ಕಾಮಾಲೆ, ಊರಿಗೆ ಕಳಿಸಿದ್ದೇವೆ’ ಎನ್ನುತ್ತಿದ್ದರು. ನಾವು ಕೇಳಿದೆವು, ಎಳನೀರು ಕುಡಿಸಿ ಎಂದೆವು, ಬಿಸಿಬೇಳೆಬಾತು ತಿಂದೆವು. ಆ ತಾಯಿ ನಮ್ಮೆಲ್ಲರ ನಡುವೆ ಕುಳಿತು ನಗುತ್ತಿದ್ದಳು. ಒಬ್ಬರ ಹತ್ತಿರವೂ ಅಳಲು ಆಕೆಗೆ ಧೈರ್ಯ ಬರಲಿಲ್ಲ. ಆ ನಗುವನ್ನು ನಾನು ಮರೆಯಲಾರೆ. ಅದು ನಮ್ಮ ಸಂಘಕ್ಕೆ ಬಿದ್ದ ಛೀಮಾರಿ. ಆಮೇಲೆ ಚಿಕಿತ್ಸೆ ಕೊಡಿಸಿದರು, ಹುಡುಗ ಚೇತರಿಸಿಕೊಂಡ, ಈಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾನೆ. ಆದರೆ ಎಂಟು ತಿಂಗಳು ತಡವಾಯಿತು.

ಆ ತಂದೆಗೆ ಇದ್ದ ದೊಡ್ಡ ಹೆದರಿಕೆ: ‘ಆಸ್ಪತ್ರೆಗೆ ಹೋದರೆ ಕೇಸಾಗುತ್ತದೆ, ಹುಡುಗನ ಭವಿಷ್ಯ ಮುಗಿಯಿತು.’ ನಾನು ಗುಮಾಸ್ತ, ಕಾಯ್ದೆಯ ಪುಟ ತಿರುವುವುದು ನನ್ನ ಹೊಟ್ಟೆಪಾಡು. 1985ರ ಮಾದಕ ದ್ರವ್ಯಗಳ ಕಾಯ್ದೆಯಲ್ಲೇ 64-ಎ ಎಂಬ ಕಲಮು ಇದೆ. ತಾನಾಗಿ ಚಿಕಿತ್ಸೆಗೆ ಒಪ್ಪಿ ಬಂದ ವ್ಯಸನಿಯನ್ನು, ಸೇವನೆ ಅಥವಾ ಅಲ್ಪಪ್ರಮಾಣದ ಅಪರಾಧಕ್ಕೆ ಸಂಬಂಧಿಸಿದಂತೆ, ಮೊಕದ್ದಮೆಯಿಂದ ಅದು ಕಾಪಾಡುತ್ತದೆ. ಹೀಗೆ ದಂಡಿಸುವ ಕಾಯ್ದೆಯೇ ಒಂದು ಬಾಗಿಲನ್ನು ತೆರೆದಿಟ್ಟಿದೆ. ಆ ಬಾಗಿಲು ಇದೆ ಎಂದು ಆ ತಂದೆಗೆ ಹೇಳುವವರಿರಲಿಲ್ಲ. ಇದೇ ಕಾಯ್ದೆ ಗಾಂಜಾದ ಹೂತೆನೆಗೆ ಜೈಲು ವಿಧಿಸಿ, ಅದೇ ಗಿಡದ ಎಲೆಯನ್ನು ಗಾಂಜಾದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಭಾಂಗು ಶಿವರಾತ್ರಿಯ ಪ್ರಸಾದವಾಗಿಯೂ ನಡೆಯುತ್ತದಲ್ಲ! ಯಾವುದು ಪಾಪ, ಯಾವುದು ಪ್ರಸಾದ ಎಂಬ ಗೆರೆಯನ್ನು ಮನುಷ್ಯರೇ ಎಳೆದದ್ದು. ಮಕ್ಕಳು ಇದನ್ನು ನೋಡುತ್ತಾರೆ, ‘ಇದಕ್ಕೆ ಅರ್ಥವೇ ಇಲ್ಲ’ ಎಂದುಕೊಳ್ಳುತ್ತಾರೆ, ನಾವು ಹೇಳುವ ನಿಜವಾದ ಎಚ್ಚರಿಕೆಯನ್ನೂ ನಂಬುವುದು ಬಿಡುತ್ತಾರೆ.

ಪೋರ್ಚುಗಲ್ ದೇಶ 2001ರಲ್ಲಿ ಒಂದು ಪ್ರಯೋಗ ಮಾಡಿತು. ಮಾರುವುದು ಅಪರಾಧವಾಗಿಯೇ ಉಳಿಯಿತು. ಆದರೆ ಸ್ವಂತ ಬಳಕೆಗೆಂದು ಸ್ವಲ್ಪ ಇಟ್ಟುಕೊಂಡವನನ್ನು ಅಪರಾಧಿಯೆನ್ನದೆ, ವೈದ್ಯಕೀಯ ಮತ್ತು ಸಮಾಜಸೇವೆ ಬಲ್ಲವರಿರುವ ಸಮಿತಿಯ ಮುಂದೆ ಕೂರಿಸಿ ಮಾತನಾಡಿಸುವ ಏರ್ಪಾಡಾಯಿತು. ನಾಡು ಮುಳುಗಲಿಲ್ಲ. ನಮ್ಮಲ್ಲಿ? ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ ದೆಹಲಿಯ ಏಮ್ಸ್ ಸಂಸ್ಥೆಯ ಮೂಲಕ ಮಾಡಿಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಮದ್ಯಕ್ಕೆ ದಾಸರಾದವರಲ್ಲಿ ಯಾವುದೇ ಬಗೆಯ ಚಿಕಿತ್ಸೆ ಸಿಕ್ಕಿದ್ದು 38 ಜನರಲ್ಲಿ ಒಬ್ಬರಿಗೆ. ಉಳಿದ 37 ಜನ ಎಲ್ಲಿದ್ದಾರೆ? ‘ನಮ್ಮಲ್ಲಿ ಅಂಥವರು ಯಾರಿದ್ದಾರೆ?’ ಎಂದು ಕೇಳುವ ಸಭೆಗಳಲ್ಲಿ, ನಗುತ್ತ ಕುಳಿತಿದ್ದಾರೆ.

* * *

ಟೀಕೆ ಮಾಡಿ ಕೈತೊಳೆದುಕೊಳ್ಳುವುದು ಸುಲಭ. ಆದ್ದರಿಂದ ಸಂಘದ ಮುಂದೆ ಮತ್ತೆ ನನ್ನ ಬೇಡಿಕೆಗಳನ್ನಿಡುತ್ತೇನೆ. ಒಂದೂ ದೊಡ್ಡ ಖರ್ಚಿನದಲ್ಲ.

ಮೊದಲನೆಯದು, ವರ್ಷಕ್ಕೆರಡು ಸಲ ಮನೋವೈದ್ಯರೊಬ್ಬರಿಂದ ಮಾತು. ಉಪದೇಶ ಬೇಡ, ಪ್ರಶ್ನೋತ್ತರ ಬೇಕು. ಮಕ್ಕಳು ಹೆಸರು ಬರೆಯದೆ ಚೀಟಿಯಲ್ಲಿ ಪ್ರಶ್ನೆ ಹಾಕಲಿ. ಎರಡನೆಯದು, ಹಾಸ್ಟೆಲಿಗೆ ಹೊರಟ ಹುಡುಗ ಹುಡುಗಿಯರಿಗೆ ಬೀಳ್ಕೊಡುಗೆಯ ಶಾಲು, ಫಲತಾಂಬೂಲದ ಜೊತೆಗೆ ಒಂದು ಪುಟದ ತಿಳುವಳಿಕೆ: ಯಾವುದು ಏನು ಮಾಡುತ್ತದೆ, ಗೆಳೆಯ ಪ್ರಜ್ಞೆ ತಪ್ಪಿದರೆ ಏನು ಮಾಡಬೇಕು, ಆಸ್ಪತ್ರೆಗೆ ಒಯ್ಯಲು ಏಕೆ ಹಿಂಜರಿಯಬಾರದು. ಮೂರನೆಯದು, ಈ ಪತ್ರಿಕೆಯ ಕೊನೆಯ ಪುಟದಲ್ಲಿ ವಧೂವರರ ಮಾಹಿತಿಯ ಪಕ್ಕದಲ್ಲೇ 14446 ಎಂಬ ಸಂಖ್ಯೆ ಪ್ರತಿ ತಿಂಗಳೂ ಅಚ್ಚಾಗಲಿ. ಅದು ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ, ಕರೆಗೆ ದುಡ್ಡಿಲ್ಲ. ನಾಲ್ಕನೆಯದು ಎಲ್ಲಕ್ಕಿಂತ ಕಷ್ಟದ್ದು: ಮುಂದೆ ಯಾರಾದರೂ ತಾಯಿ ‘ನನ್ನ ಮಗ ಹೀಗಾಗಿದ್ದಾನೆ’ ಎಂದರೆ, ಆ ಮಾತು ಆ ಕೋಣೆಯಿಂದ ಹೊರಗೆ ಹೋಗಬಾರದು, ಮರುದಿನ ಆಕೆಯ ಜೊತೆ ಆಸ್ಪತ್ರೆಗೆ ನಮ್ಮಲ್ಲೊಬ್ಬರು ಹೋಗಬೇಕು. ಊರು ಬಿಟ್ಟು ಬಂದವರಿಗೆ ಸೋದರಮಾವ, ಚಿಕ್ಕಮ್ಮ ಎಲ್ಲ ಈ ಸಂಘವೇ. ಹಬ್ಬದೂಟಕ್ಕೆ ಮಾತ್ರ ಬಂಧುಗಳಾದರೆ ಸಾಲದು.

ನಮ್ಮ ಹಿರಿಯರು ಕೋಪಿಸಿಕೊಳ್ಳಬಾರದು. ಅವರಿಗೂ ನನಗೂ ಬೇಕಾದದ್ದು ಒಂದೇ, ನಮ್ಮ ಮಕ್ಕಳು ಕೆಡಬಾರದು. ಬೇಲಿ ಇದೆಯಲ್ಲ ಎಂದು ಅವರು ನೆಮ್ಮದಿಯಾಗಿದ್ದಾರೆ. ಬೇಲಿಯಲ್ಲಿ ಎಲ್ಲೆಲ್ಲಿ ಕಂಡಿ ಬಿದ್ದಿದೆಯೆಂದು ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತಿದೆ ಎಂದು ನಾನು ಹೇಳುತ್ತಿದ್ದೇನೆ.

ನನ್ನ ಮಗ ಈಗ ಮನೆ ಬಿಟ್ಟು ಓದಲು ಹೋಗುವ ವಯಸ್ಸಿಗೆ ಬಂದಿದ್ದಾನೆ. ಸಭೆ ಮುಗಿಸಿ ಬಂದ ಆ ರಾತ್ರಿ ಅವನನ್ನು ಕೂರಿಸಿಕೊಂಡು, ‘ಅವತ್ತು ನೀನು ಪೋಟ್ಲಿ ಅಂದರೇನು ಅಂತ ಕೇಳಿದ್ದೆ, ನೆನಪಿದೆಯಾ?’ ಎಂದೆ. ಅವನಿಗೆ ನೆನಪಿತ್ತು. ಮೆಥೆನಾಲಿನಿಂದ ಹಿಡಿದು ನನ್ನ ಸೋದರಮಾವನ ಮಗನವರೆಗೆ ಎಲ್ಲ ಹೇಳಿದೆ. ಅವನೂ ಕೆಲವು ಸಂಗತಿ ಹೇಳಿದ: ಅವನ ಗೆಳೆಯರದ್ದು, ನಮ್ಮ ಸೊಸೈಟಿಯದ್ದು. ಅವನ್ನು ನಾನಿಲ್ಲಿ ಬರೆಯುವುದಿಲ್ಲ. ಹೆಂಡತಿ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತು ಎಲ್ಲ ಕೇಳಿದಳು. ಈ ಸಲ ‘ಹುಡುಗ್ರ ಮುಂದ ಯಾಕ?’ ಎನ್ನಲಿಲ್ಲ.

ಮುಂದಿನ ಸಭೆಯಲ್ಲಿ ಈ ವಿಷಯವನ್ನು ಮತ್ತೆ ಎತ್ತುತ್ತೇನೆ. ಬಿಸಿಬೇಳೆಬಾತಿನ ಚರ್ಚೆಗೆ ಮುಂಚೆಯೇ ಎತ್ತುತ್ತೇನೆ. ದಯವಿಟ್ಟು ಬನ್ನಿ.

— ಸಂಘದ ಒಬ್ಬ ಆಜೀವ ಸದಸ್ಯ, ಅಹಮದಾಬಾದ್